ಗೋಲ್‌ಕೀಪರ್ ನೋವನ್ನು ಫಾರ್ವರ್ಡ್‌ಗೆ ಕೊಟ್ಟ ಸಿನಿಮಾ

ಮೊನ್ನೆ ಭಾನುವಾರ ಅಣ್ಣನ ಮಗಳ ಜೊತೆ ಕೂತು ಮಹಿಳಾ ಹಾಕಿ ತಂಡದ ಕಥೆಯ ‘ಚಕ್ ದೇ! ಇಂಡಿಯಾ’ ಮತ್ತೆ ನೋಡಿದೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮುಗಿಯೋದ್ರೊಳಗೆ ಸಿನಿಮಾ ಮುಗೀಬೇಕು ಅಂತ ಅವಳಿಗೆ ಆತುರ. 2007ರಲ್ಲಿ ಇದು ಬಂದಾಗ ನಾನು ನಮ್ಮ ಒಕ್ಕದ, ಅಂದ್ರೆ ಕೊಡವ ಮನೆತನದ, ಹಾಕಿ ತಂಡಕ್ಕೆ ಗೋಲ್ ಕಾಯುತ್ತಿದ್ದೆ. ಆಗ ಅತ್ತಿದ್ದೆ. ಮೊನ್ನೆಯೂ ಅತ್ತೆ. ಆದರೆ ಈ ಸಲ ಒಂದು ವಿಷಯ ಗಂಟಲಲ್ಲೇ ಸಿಕ್ಕಿಕೊಂಡಿದೆ.

ಕೊಡಗಿನವರು ಹಾಕಿ ಸಿನಿಮಾವನ್ನು ಸುಮ್ನೆ ನೋಡಿ ಎದ್ದು ಹೋಗೋದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿಗೆ ಬರುವಾಗ 360 ತಂಡ ಆಗಿತ್ತು. ಇಲ್ಲಿ ಅಪ್ಪ ಮಗಳು ಒಂದೇ ತಂಡದಲ್ಲಿ ಆಡ್ತಾರೆ. ಸ್ಟಿಕ್ ಹಿಡಿದವರಿಗೆ ಆಟ ಬರುತ್ತಾ ಇಲ್ವಾ ಅಂತ ನಮ್ಮನೆ ಅಜ್ಜಿಗೂ ಗೊತ್ತಾಗಿಬಿಡುತ್ತೆ. ಆ ವಿಷಯದಲ್ಲಿ ಈ ಸಿನಿಮಾ ಗೆದ್ದಿದೆ. ಹುಡುಗಿಯರು ಬಗ್ಗಿ ಓಡೋದು, ಬಾಲ್ ತಡೆದು ಪಾಸ್ ಕೊಡೋದು ನಂಬೋ ಹಾಗಿದೆ. ಅವರಿಗೆ ಆಟ ಕಲಿಸಿದವರು ಮೀರ್ ರಂಜನ್ ನೇಗಿ.

ನೇಗಿ ಯಾರು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ನಾವು 1-7ರಿಂದ ಸೋತೆವು. ಆ ದಿನ ಗೋಲ್‌ನಲ್ಲಿ ನಿಂತವರು ಅವರು. ದುಡ್ಡು ತಗೊಂಡು ಗೋಲ್ ಬಿಟ್ಟ ಅಂತ ಜನ ಆಡಿಕೊಂಡರು. ಇಪ್ಪತ್ತು ವರ್ಷ ಆದ ಮೇಲೆ, 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಮಹಿಳಾ ತಂಡ ಕಾಮನ್‌ವೆಲ್ತ್ ಚಿನ್ನ ಗೆದ್ದಾಗ ಅದೇ ನೇಗಿ ತಂಡದ ಗೋಲ್‌ಕೀಪಿಂಗ್ ಕೋಚ್. ಮುಖ್ಯ ಕೋಚ್ ಎಂ.ಕೆ. ಕೌಶಿಕ್. ಕಥೆ ಹೊಳೆದದ್ದು ಆ ಹುಡುಗಿಯರ ಗೆಲುವಿನಿಂದ ಅಂತ ಬರಹಗಾರ ಜೈದೀಪ್ ಸಾಹ್ನಿ ಹೇಳಿದ್ದಾರೆ, ಸರಿ. ಆದರೂ ಸಿನಿಮಾದ ಕೋಚ್, ಒಂದು ಸೋಲಿನಿಂದ ದೂರು ಹೊತ್ತ ಹಳೇ ಆಟಗಾರ ಕಬೀರ್ ಖಾನ್‌ನನ್ನು ನೋಡಿದವರಿಗೆಲ್ಲ ನೇಗಿಯವರೇ ನೆನಪಾದರು.

ನನ್ನ ತಕರಾರು ಇರೋದು ಇಲ್ಲೇ. ಸಿನಿಮಾದ ಕಬೀರ್ ಫಾರ್ವರ್ಡ್, ಅಂದ್ರೆ ಮುಂದೆ ನಿಂತು ಗೋಲ್ ಹೊಡೆಯುವವನು. ಪಾಕಿಸ್ತಾನದ ಎದುರು ಕೊನೆ ಗಳಿಗೆಯಲ್ಲಿ ಪೆನಾಲ್ಟಿ ಸ್ಟ್ರೋಕ್‌ನಲ್ಲಿ, ಗೋಲ್‌ಕೀಪರ್ ಒಬ್ಬರೇ ಎದುರಿರುವ ಆ ಹೊಡೆತದಲ್ಲಿ, ಗುರಿ ತಪ್ಪಿ ಸೋಲುತ್ತಾನೆ. ಒಂದೇ ಒಂದು ಹೊಡೆತ, ಅಲ್ಲಿಗೆ ಮುಗೀತು. ಗೋಲ್‌ಕೀಪರ್ ಸೋಲು ಹಾಗಲ್ಲ. ಏಳು ಸಲ ಹಿಂದೆ ತಿರುಗಿ ನೆಟ್‌ನಿಂದ ಬಾಲ್ ಎತ್ತಿ ಕೊಡಬೇಕು. ಪ್ರತಿ ಸಲ ಮತ್ತೆ ಅದೇ ಜಾಗದಲ್ಲಿ ಬಂದು ನಿಲ್ಲಬೇಕು.

ಒಂದು ವರ್ಷ ಪಂದ್ಯ ಸಮ ಆಗಿ ಟೈಬ್ರೇಕರ್‌ಗೆ ಹೋಯಿತು. ನಾನು ಹಾಕಿದ್ದು ಕಸಿನ್ ಅಣ್ಣನ ಹಳೇ ಪ್ಯಾಡ್. ಹಿಂದಿನ ದಿನದ ಮಳೆಗೆ ಒದ್ದೆಯಾಗಿ ನಾರುತ್ತಿತ್ತು. ಕಟ್ಟಿದ ಪಟ್ಟಿ ಮೊಣಕಾಲ ಹಿಂದೆ ಚರ್ಮ ಕಿತ್ತಿತ್ತು. ಕೊನೇ ಸ್ಟ್ರೋಕ್‌ಗೆ ಎಡಕ್ಕೆ ಹಾರಿದೆ. ಬಾಲ್ ಬಲಕ್ಕೆ ಹೋಯಿತು. ನೆಲದ ಮೇಲೆ ಬಿದ್ದವಳಿಗೆ ಹಿಂದಿನ ಹಲಗೆಗೆ ಬಾಲ್ ಬಡಿದ ಸದ್ದು ಮಾತ್ರ ಕೇಳಿಸಿತು. ಠಪ್. ಅದಾದ ಮೇಲೆ ಎದುರು ತಂಡದ ಕೂಗು. ಚಿಕ್ಕಪ್ಪ ಬಂದು ಪ್ಯಾಡ್ ಬಿಚ್ಚುತ್ತಾ, “ಬಾಲ್ ನಿನ್ನ ಹತ್ರ ಬರೋ ಮೊದ್ಲು ಹತ್ತು ಜನರನ್ನ ದಾಟಿ ಬಂದಿರುತ್ತೆ ಮಗಳೇ” ಅಂದರು. 1982ರಲ್ಲಿ ನೇಗಿಯವರ ಮುಂದೆಯೂ ಹತ್ತು ಜನ ಇದ್ದರಲ್ವಾ? ದೂರು ಹೊತ್ತವರು ಒಬ್ಬರೇ. ಸಿನಿಮಾ ಆ ಒಂಟಿತನವನ್ನು ಕೈಬಿಟ್ಟಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲ್ ಕಾಯ್ದ ಎ.ಬಿ. ಸುಬ್ಬಯ್ಯನವರ ಊರಿನವಳಾಗಿ ನನಗೆ ಇದು ಸಣ್ಣ ಬದಲಾವಣೆ ಅನಿಸೋದಿಲ್ಲ.

ಬದಲಿಗೆ ಸಿನಿಮಾ ತಂದದ್ದು, ಕಬೀರ್ ಮುಸ್ಲಿಂ ಅನ್ನೋ ಕಾರಣಕ್ಕೆ ಹುಟ್ಟುವ ಅನುಮಾನ. ಅದು ದೊಡ್ಡ ಮಾತು, ಧೈರ್ಯದ ಮಾತು. ಅಮ್ಮನ ಜೊತೆ ಸ್ಕೂಟರಿನಲ್ಲಿ ಮನೆ ಬಿಟ್ಟು ಹೊರಡುವ ಆ ದೃಶ್ಯದಲ್ಲಿ ಕಬೀರ್ ಆಗಿರೋ ಶಾರುಖ್ ಖಾನ್ ಜಾಸ್ತಿ ಏನೂ ಮಾಡೋದಿಲ್ಲ. ಅದಕ್ಕೇ ಅದು ನಾಟುತ್ತೆ. ಹಾಡಿ ಕುಣಿಯುವ ಶಾರುಖ್ ಎಲ್ಲೂ ಇಲ್ಲ.

ಇನ್ನೊಂದು ಬೇಸರ ಕಪ್‌ನದ್ದು. ನಿಜದಲ್ಲಿ 2002ರ ಆ ಕಾಮನ್‌ವೆಲ್ತ್ ಫೈನಲ್ ಇಂಗ್ಲೆಂಡ್ ಎದುರು, ಅವರದೇ ನೆಲದಲ್ಲಿ. ಮಮತಾ ಖರಬ್ ಗೋಲ್ಡನ್ ಗೋಲ್, ಅಂದ್ರೆ ಹೆಚ್ಚುವರಿ ಸಮಯದಲ್ಲಿ ಆಟವನ್ನೇ ಮುಗಿಸುವ ಗೋಲ್, ಹೊಡೆದು 3-2ರಿಂದ ಗೆದ್ದದ್ದು. ಇದಕ್ಕಿಂತ ರೋಚಕ ಕೊನೆ ಯಾರು ಬರೆಯೋಕಾಗುತ್ತೆ? ಸಿನಿಮಾ ಅದನ್ನು ವಿಶ್ವಕಪ್ ಮಾಡಿ, ಎದುರಾಳಿಯನ್ನು ಆಸ್ಟ್ರೇಲಿಯಾ ಮಾಡಿತು. ನಮ್ಮ ಹುಡುಗಿಯರು ಇದುವರೆಗೆ ವಿಶ್ವಕಪ್ ಗೆದ್ದಿಲ್ಲ, 1974ರ ನಾಲ್ಕನೇ ಸ್ಥಾನವೇ ಹೆಚ್ಚು. ಗೆದ್ದ ಚಿನ್ನ ಸಾಲದು ಅಂದ ಹಾಗಾಯಿತು. ಕ್ಯಾಪ್ಟನ್ ಆಗಿದ್ದ ಮಣಿಪುರದ ಸೂರಜ್ ಲತಾ ದೇವಿ ಹೆಸರು ಎಷ್ಟು ಜನಕ್ಕೆ ಗೊತ್ತು? ಕಬೀರ್ ಖಾನ್ ಹೆಸರು ಎಲ್ಲರಿಗೂ ಗೊತ್ತು.

ಮಿಜೋರಾಂ, ಮಣಿಪುರದ ಹುಡುಗಿಯರು ತಮ್ಮದೇ ದೇಶದಲ್ಲಿ ಪರಕೀಯರಂತೆ ನಿಲ್ಲೋದನ್ನು 2007ರಲ್ಲೇ ತೋರಿಸಿದ್ದಕ್ಕೆ ನಾನು ಈ ಚಿತ್ರವನ್ನು ಬಿಟ್ಟುಕೊಡೋದಿಲ್ಲ. ಆದರೆ ಜಾರ್ಖಂಡ್‌ನ ಇಬ್ಬರು ಹುಡುಗಿಯರಿಗೆ ಮಾತೇ ಇಲ್ಲ. ಹಾಕಿಯನ್ನೇ ಉಸಿರಾಡುವ ಊರಿನವರು ಅವರು. ಆ ಜಾಗವನ್ನು ಪ್ರೀತಿ ಅನ್ನೋ ಇನ್ನೊಬ್ಬ ಆಟಗಾರ್ತಿಯ ಕ್ರಿಕೆಟರ್ ಗೆಳೆಯನ ಕಥೆ ತಿಂದುಬಿಟ್ಟಿದೆ.

ಒಂದು ಸಮಾಧಾನ ಇದೆ. ಕೊನೆಗೆ ಕಪ್ ಉಳಿಸೋದು ಗೋಲ್‌ಕೀಪರ್ ವಿದ್ಯಾ. ಆಸ್ಟ್ರೇಲಿಯಾದ ಆಟಗಾರ್ತಿ ಕೊನೇ ಸ್ಟ್ರೋಕ್‌ಗೆ ಬಂದು ನಿಂತಾಗ ಅಣ್ಣನ ಮಗಳು ಸಿನಿಮಾ ನಿಲ್ಲಿಸಿದಳು.

“ಅತ್ತೆ, ನೀನಾಗಿದ್ರೆ ಯಾವ ಕಡೆ ಹಾರ್ತಿದ್ದೆ?”

“ಎಡಕ್ಕೇ” ಅಂದೆ. ಅವಳು ನನ್ನ ಮುಖ ನೋಡಿದಳು. ಚಾರ್ಜ್ ಆರು ಪರ್ಸೆಂಟ್ ಇತ್ತು, ಬೇಗ ಒತ್ತು ಅಂದೆ.