ಮಾರ್ಗದರ್ಶಿಯ ಹಣ ದಂಡವಲ್ಲ

ಬಾರ್ಸಿಲೋನಾದಲ್ಲಿ ಖಾಸಗಿ ಮಾರ್ಗದರ್ಶಿಗೆ ಕೊಡುವ ಹಣ ದಂಡ, ಮೊಬೈಲ್‌ನಲ್ಲಿ ಓದಿಕೊಂಡರೆ ಸಾಕು ಎಂದು ಪ್ರವಾಸದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದ ಮಾತನ್ನು ನಾನು ಒಪ್ಪುವುದಿಲ್ಲ. ಆ ಊರಿನ ಹೆಸರಾಂತ ವಾಸ್ತುಶಿಲ್ಪಿ ಆಂಟೊನಿ ಗೌದಿಯ ಕಟ್ಟಡಗಳಲ್ಲಿ ಅಲಂಕಾರ ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಲೆಕ್ಕಾಚಾರವನ್ನು ಯಾರಾದರೂ ತೋರಿಸಬೇಕು. ಆತ ಕಟ್ಟಿದ ಕಾಸಾ ಮಿಲಾ ಎಂಬ ವಸತಿ ಕಟ್ಟಡದ ಅಟ್ಟದಲ್ಲಿ 270 ಇಟ್ಟಿಗೆ ಕಮಾನುಗಳಿವೆ. ಅಲ್ಲೇ ತಲೆಕೆಳಗಾಗಿ ತೂಗುವ ಸರಪಳಿಗಳ ಮಾದರಿಯೊಂದಿದೆ, ಅದರ ಕೆಳಗೆ ಕನ್ನಡಿ. ನಮ್ಮ ಮಾರ್ಗದರ್ಶಿ ಆ ಕನ್ನಡಿಯತ್ತ ಬೆರಳು ಮಾಡಿದ ಮೇಲೆಯೇ ನನಗೆ ಹೊಳೆದದ್ದು: ಇಳಿಬಿದ್ದ ಸರಪಳಿಯ ಬಾಗನ್ನು ತಿರುಗಿಸಿದರೆ ತನ್ನ ಭಾರವನ್ನು ತಾನೇ ಹೊರುವ ಕಮಾನು! ಎಂಥ ಬುದ್ಧಿ! ಜೊತೆಗಿದ್ದ ಅಮ್ಮ ನಾಲ್ಕಾರು ಪ್ರಶ್ನೆ ಕೇಳಿದರು, ಮಾರ್ಗದರ್ಶಿ ಒಂದಕ್ಕೂ ಉತ್ತರಿಸಲು ಅವಸರ ಪಡಲಿಲ್ಲ. ದೊಡ್ಡ ಗುಂಪಿನಲ್ಲಿ ಅದೆಲ್ಲಿ ಸಾಧ್ಯ?

1882ರಲ್ಲಿ ಶುರುವಾದ, ಗೌದಿಯ ಹೆಸರಾಂತ ಚರ್ಚ್ ಸಗ್ರಾದಾ ಫಮಿಲಿಯಾಕ್ಕೆ ಮಾತ್ರ ಹೊತ್ತು ನೋಡಿ ಹೋಗಬೇಕು. ಬೆಳಿಗ್ಗೆ ಪೂರ್ವದ ಗಾಜುಗಳಿಂದ ನೀಲಿ, ಹಸಿರು ಬೆಳಕು. ಇಳಿಹೊತ್ತಿನಲ್ಲಿ ಪಶ್ಚಿಮದಿಂದ ಕೆಂಪು, ಕಿತ್ತಳೆ. ನನಗೆ ಸಂಜೆಯದೇ ಇಷ್ಟ. ಟಿಕೆಟ್‌ನಲ್ಲಿ ಪ್ರವೇಶದ ಸಮಯ ನಿಗದಿಯಾಗಿರುತ್ತದೆ, ಆದ್ದರಿಂದ ಮಾರ್ಗದರ್ಶಿಯೊಂದಿಗೆ ಮೊದಲೇ ಮಾತಾಡಿಕೊಂಡು ಕಾಯ್ದಿರಿಸಿ.