ಮಗನ ಹೆಸರು ತೆಗೆಸಿದ್ರೆ ಆಗ್ತದಾ?

ಬೆಳಗ್ಗೆಯಿಂದ ಮನಸ್ಸು ಸರಿ ಇಲ್ಲ. ಅಂಗಡಿ ಬಾಗಿಲು ಹಾಕಿ ಬಂದು, ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಅಂಗಡಿ ನಿಮಗೆಲ್ಲ ಗೊತ್ತೇ ಇದೆ. ಒಂದು ಜೆರಾಕ್ಸ್ ಮಷೀನು, ಎರಡು ಕಂಪ್ಯೂಟರ್, ಹೊರಗೆ ಒಂದು ಬೆಂಚು. ಆದಾಯ ಪ್ರಮಾಣ ಪತ್ರ, ಪಿಂಚಣಿ, ರೇಷನ್ ಕಾರ್ಡ್ ಅಂತ ಅರ್ಜಿ ಹಾಕಿಕೊಟ್ಟೇ ಹನ್ನೊಂದು ವರ್ಷ ಕಳೆದಿದ್ದೇನೆ. ದಾವಣಗೆರೆಯಲ್ಲಿ ಯಾರ ಮನೆಯ ಆದಾಯ ಎಷ್ಟು ಅಂತ ನನಗೆ ಗೊತ್ತಿರುವಷ್ಟು ಅವರ ನೆಂಟರಿಗೂ ಗೊತ್ತಿರುವುದಿಲ್ಲ.

ಇವತ್ತು ಹತ್ತೂವರೆ ಹೊತ್ತಿಗೆ ಒಬ್ಬ ಯಜಮಾನರು, ಅವರ ಹೆಂಡತಿ ಬಂದರು. ಅವರಿಗೆ 67, ಆಕೆಗೆ 62. ಯಜಮಾನರು ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಹೃದಯದ ಒಂದು ಕವಾಟ ಬದಲಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಯ ಕೌಂಟರ್‌ನಲ್ಲಿ ರೇಷನ್ ಕಾರ್ಡ್ ನೋಡಿ, ಇದು ಎಪಿಎಲ್, ಪೂರ್ತಿ ಉಚಿತ ಆಗುವುದಿಲ್ಲ ಅಂದಿದ್ದಾರೆ. ಬಿಪಿಎಲ್ ಮಾಡಿಸಿಕೊಂಡು ಬನ್ನಿ ಅಂತ ಅಲ್ಲೇ ಇದ್ದ ಇನ್ಯಾರೋ ಸಲಹೆ ಕೊಟ್ಟಿದ್ದಾರೆ. ಅದಕ್ಕೇ ನನ್ನ ಹತ್ತಿರ ಬಂದಿದ್ದರು.

ಲೆಕ್ಕ ಹಾಕಿದೆ. ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಈಗ ಬರುವ ಇಪಿಎಸ್ ಪಿಂಚಣಿ ತಿಂಗಳಿಗೆ 3,150 ರೂಪಾಯಿ. ವರ್ಷಕ್ಕೆ 37,800. ಮಗ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾನೆ, 8,500 ಸಂಬಳ. ವರ್ಷಕ್ಕೆ 1,02,000. ಮೂವರೂ ಒಂದೇ ಕಾರ್ಡಿನಲ್ಲಿದ್ದಾರೆ. ಕೂಡಿದರೆ 1,39,800.

ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟುವಂತಿಲ್ಲ. ಇವರು 19,800 ರೂಪಾಯಿ ದಾಟಿದ್ದಾರೆ. ತಿಂಗಳಿಗೆ 1,650.

ನಾನು ಇದನ್ನೇ ನಿಧಾನವಾಗಿ ಬಿಡಿಸಿ ಹೇಳಿದೆ. ಯಜಮಾನರು ಸುಮ್ಮನೆ ನೆಲ ನೋಡುತ್ತಾ ಕೂತರು. ಆಕೆ ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ ಕೇಳಿದರು: "ತಂಗಿ, ಮಗನ ಹೆಸರು ಈ ಕಾರ್ಡಿಂದ ತೆಗೆಸಿದ್ರೆ ಆಗ್ತದಾ?"

ನನಗೆ ಉತ್ತರ ಹೊರಡಲಿಲ್ಲ. ಆ ಹುಡುಗ ಎಲ್ಲೂ ಹೋಗಿಲ್ಲ. ಅಪ್ಪನನ್ನು ಬಿಟ್ಟಿಲ್ಲ. ಮಾತ್ರೆ ತರುವವನು ಅವನೇ, ರಾತ್ರಿ ಎದ್ದು ನೀರು ಕೊಡುವವನು ಅವನೇ. ಅವನ ಆದಾಯವೊಂದನ್ನೇ ಲೆಕ್ಕ ಹಾಕಿದರೆ ಅವನೂ ಮಿತಿಯ ಒಳಗೇ ಇದ್ದಾನೆ. ಅಪ್ಪ ಅಮ್ಮನ ಆದಾಯವಂತೂ ಮಿತಿಯ ಮೂರನೇ ಒಂದು ಭಾಗವೂ ಇಲ್ಲ. ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಉಣ್ಣುತ್ತಾರಲ್ಲ, ಅದೊಂದೇ ಕಾರಣಕ್ಕೆ ಇವರು ಬಡವರಲ್ಲ ಅಂತಾಯಿತು.

ಗೆರೆ ದಾಟಿದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. 2018ರಲ್ಲಿ ಶುರುವಾದ ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರವೇ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಒಂದು ಆಪರೇಷನ್ನಿನ ಪ್ಯಾಕೇಜ್ ದರ ಒಂದೂವರೆ ಲಕ್ಷ ಅಂತಲೇ ಇಟ್ಟುಕೊಳ್ಳಿ. ಬಿಪಿಎಲ್‌ನವರ ಕೈಯಿಂದ ಏನೂ ಹೋಗುವುದಿಲ್ಲ. ಎಪಿಎಲ್‌ನವರು 1,05,000 ಹೊಂದಿಸಬೇಕು. ತಿಂಗಳಿಗೆ 1,650 ಜಾಸ್ತಿ ಇದೆ ಅನ್ನುವುದಕ್ಕೆ ಲಕ್ಷ ರೂಪಾಯಿಯ ಹೊರೆ! ಮಧ್ಯದಲ್ಲಿ ಒಂದು ಮೆಟ್ಟಿಲು ಕೂಡ ಇಲ್ಲ. ಈ ಕಡೆ ಇದ್ದರೆ ಎಲ್ಲ, ಆ ಕಡೆ ಬಿದ್ದರೆ ಹೆಚ್ಚುಕಡಿಮೆ ಏನೂ ಇಲ್ಲ.

ಮಿತಿ ಬೇಡ ಅಂತ ನಾನು ಹೇಳುತ್ತಿಲ್ಲ. ವಯಸ್ಸಾದವರ ಮಟ್ಟಿಗೆ ಈ ಥರದ ಮಿತಿ ಕ್ರೂರ ಅಂತ ಹೇಳುತ್ತಿದ್ದೇನೆ. ಮೂವತ್ತು ವರ್ಷದವನು ಗೆರೆಯಿಂದ ಸ್ವಲ್ಪ ಆಚೆ ಬಿದ್ದರೆ ಇನ್ನೊಂದು ಕೆಲಸ ಹಿಡಿದಾನು, ಸಾಲ ಮಾಡಿ ತೀರಿಸಿಯಾನು. 67ರ ಯಜಮಾನರು ಎಲ್ಲಿಗೆ ಹೋಗಬೇಕು? ಅವರ ಆದಾಯ ಇನ್ನು ಏರುವುದಿಲ್ಲ. ಆಸ್ಪತ್ರೆ ಖರ್ಚು ಮಾತ್ರ ಏರುತ್ತದೆ.

ಹಾಗಾದರೆ ಪ್ರೈವೇಟ್ ವಿಮೆ ಮಾಡಿಸಬಹುದಿತ್ತಲ್ಲ ಅಂತ ಕೇಳುತ್ತೀರಿ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಸಿಗುವ ದಾರಿ ತೆರೆದಿದೆ, ಅದು ನಿಜ. ಆದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು ಅಂತಲೂ ನಿಯಮ ಇದೆ. ಇದೇ ದಂಪತಿಗೆ 5 ಲಕ್ಷದ ಪಾಲಿಸಿಗೆ ಎಷ್ಟಾಗುತ್ತದೆ ಅಂತ ಅಲ್ಲೇ ಕಂಪ್ಯೂಟರಿನಲ್ಲಿ ನೋಡಿದೆ. ವರ್ಷಕ್ಕೆ 52 ಸಾವಿರ ತೋರಿಸಿತು. ಯಜಮಾನರ ವರ್ಷದ ಪಿಂಚಣಿ 37,800. ಇಡೀ ಪಿಂಚಣಿ ಕಟ್ಟಿದರೂ ಪ್ರೀಮಿಯಂಗೆ ಸಾಲುವುದಿಲ್ಲ. ಆ ಸಂಖ್ಯೆ ಅವರಿಗೆ ಕಾಣದ ಹಾಗೆ ಪೇಜ್ ಮುಚ್ಚಿಬಿಟ್ಟೆ.

ಯಾವುದಾದರೂ ಸಹಕಾರ ಸಂಘದ ಸದಸ್ಯರಾ ಅಂತ ಕೇಳಿದೆ, ಅಂಥವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆ ಸಿಗುತ್ತೇನೋ ಅಂತ. ಅಲ್ಲ ಅಂದರು.

ಇನ್ನು 70 ದಾಟಿದವರ ಯೋಜನೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ವಯ ವಂದನಾ ಶುರು ಮಾಡಿತು. 70 ವರ್ಷ ತುಂಬಿದ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಬಡವನೋ ಶ್ರೀಮಂತನೋ ಅಂತ ಕೇಳುವುದೇ ಇಲ್ಲ. ಆ ಸುದ್ದಿ ಓದಿದ ದಿನ ನಾನು ನಿಜವಾಗಿ ಖುಷಿಪಟ್ಟಿದ್ದೆ, ಇಲ್ಲೇ ಬರೆದಿದ್ದೆ ಕೂಡ. ಕೇಂದ್ರದ ಪಾಲು 60, ರಾಜ್ಯದ ಪಾಲು 40 ಅನ್ನುವ ಲೆಕ್ಕದ ಮೇಲೆ ನಮ್ಮಲ್ಲಿ ಆದ ಜಗ್ಗಾಟ ನಿಮಗೆ ಗೊತ್ತೇ ಇದೆ. ಅದನ್ನು ಬಿಡಿ. ನನ್ನ ಪ್ರಶ್ನೆ ಬೇರೆ. 70ಕ್ಕೆ ಆದಾಯ ಕೇಳಬೇಕಾಗಿಲ್ಲ ಅಂತ ಸರ್ಕಾರವೇ ಒಪ್ಪಿದ ಮೇಲೆ, 67ರವರನ್ನು ತಿಂಗಳಿಗೆ 1,650 ರೂಪಾಯಿಗೆ ಯಾಕೆ ಹಿಡಿದು ನಿಲ್ಲಿಸಬೇಕು? ಕೆಟ್ಟ ಕವಾಟ ಇನ್ನು ಮೂರು ವರ್ಷ ಕಾಯುತ್ತದಾ?

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು 1.20 ಲಕ್ಷ ಅನ್ನುವ ಆ ಸಂಖ್ಯೆಯ ಮೇಲೆ. ತಿಂಗಳಿಗೆ ಹತ್ತು ಸಾವಿರ, ಅದೂ ಇಡೀ ಮನೆಗೆ. ನಾಲ್ಕು ಜನ ಇದ್ದರೆ ತಲೆಗೆ ದಿನಕ್ಕೆ 83 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೆ ಬಡವರಲ್ಲ. ಅದೇ ಆರ್ಥಿಕವಾಗಿ ಹಿಂದುಳಿದವರು ಅಂತ ಇಡಬ್ಲ್ಯೂಎಸ್ ಮೀಸಲಾತಿ ಕೊಡುವಾಗ ಕೇಂದ್ರದ ಮಿತಿ 8 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ 12 ಲಕ್ಷದವರೆಗೆ ಆದಾಯ ಇದ್ದರೂ ತೆರಿಗೆ ಕಟ್ಟಬೇಕಾಗಿಲ್ಲ. ಬದುಕು ದುಬಾರಿ ಆಗಿದೆ ಅಂತ ಒಪ್ಪಿಯೇ ಇದನ್ನೆಲ್ಲ ಮಾಡಿದ್ದು ಅಲ್ವಾ? 12 ಲಕ್ಷದವರಿಗೆ ದುಬಾರಿಯಾದ ಬದುಕು, 1.4 ಲಕ್ಷದಲ್ಲಿ ಮೂರು ಹೊಟ್ಟೆ ಹೊರೆಯುವವರಿಗೆ ಅಗ್ಗವಾಗಿ ಸಿಗುತ್ತದಾ?

ನನ್ನ ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳಲ್ಲ, ಅವಳು ಅಲ್ಲಿನ ಕ್ರಮ ಹೇಳಿದಳು. ಮೆಡಿಕೇರ್ ಅಂದರೆ ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆ; ಅದರ ಪ್ರೀಮಿಯಂ ಕಟ್ಟಲು ಕಷ್ಟಪಡುವ ವಯಸ್ಸಾದವರಿಗೆ ಸರ್ಕಾರದ ನೆರವು ಹಂತ ಹಂತವಾಗಿ ಇದೆ. ಬಡತನ ರೇಖೆಯ ಶೇ. 100ರ ಆಸುಪಾಸಿನವರಿಗೆ ಪ್ರೀಮಿಯಂ ಜೊತೆ ಆಸ್ಪತ್ರೆಯಲ್ಲಿ ಕೈಯಿಂದ ಕಟ್ಟುವ ಪಾಲಿಗೂ ನೆರವು. ಶೇ. 120, ಶೇ. 135ರವರೆಗಿನವರಿಗೆ ಪ್ರೀಮಿಯಂ ಮಾತ್ರ. ಆ ಬಡತನ ರೇಖೆಯನ್ನು ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಬದಲಿಸುತ್ತಾರೆ. ಅಲ್ಲೂ ಗೆರೆ ಇದೆ, ಅಲ್ಲೂ ಅದರ ಆಚೆ ಬಿದ್ದು ಒದ್ದಾಡುವವರಿದ್ದಾರೆ. ಆದರೂ ಒಂದಾದರೂ ಮೆಟ್ಟಿಲು ಇದೆ. ಗೆರೆ ವರ್ಷವರ್ಷ ಮೇಲೆ ಸರಿಯುತ್ತದೆ.

ಈಗ ಕೆಲವರು ಕೇಳುತ್ತೀರಿ, ನನಗೆ ಗೊತ್ತು. ಮಿತಿ ಸಡಿಲ ಮಾಡಿದರೆ ಕಾರಿದ್ದವರು, ಕಾಂಪ್ಲೆಕ್ಸ್ ಕಟ್ಟಿಸಿದವರೂ ಬಂದು ಕ್ಯೂನಲ್ಲಿ ನಿಲ್ಲುತ್ತಾರೆ ಅಂತ. ಸರ್ಕಾರದ ದುಡ್ಡು ನಿಜವಾದ ಬಡವರಿಗೇ ಹೋಗಬೇಕು ಅಂತ. ಸುಳ್ಳು ಆದಾಯ ಪತ್ರ ಮಾಡಿಸಿಕೊಂಡವರನ್ನು ನಾನೂ ನೋಡಿದ್ದೇನೆ. ಆದರೆ ಸ್ಥಿತಿವಂತರ ವಿಮೆ ಖರ್ಚಿಗೆ ಸರ್ಕಾರ ನೆರವು ಕೊಡುತ್ತಿಲ್ಲ ಅಂದುಕೊಂಡಿದ್ದೀರಾ? ಹಳೆಯ ತೆರಿಗೆ ಪದ್ಧತಿಯಲ್ಲಿ ಒಂದು ಸೌಲಭ್ಯ ಇದೆ. ಹಿರಿಯ ನಾಗರಿಕರ ಆರೋಗ್ಯ ವಿಮೆಯ ಪ್ರೀಮಿಯಂಗೆ ವರ್ಷಕ್ಕೆ 50 ಸಾವಿರದವರೆಗೆ ವಿನಾಯಿತಿ. ಶೇ. 30 ತೆರಿಗೆ ಕಟ್ಟುವವರಿಗೆ ಅದರಿಂದ 15 ಸಾವಿರಕ್ಕೂ ಜಾಸ್ತಿ ಉಳಿಯುತ್ತದೆ. ಅದೂ ಸರ್ಕಾರದ ದುಡ್ಡೇ. ಅದಕ್ಕೆ ಗರಿಷ್ಠ ಆದಾಯ ಮಿತಿ ಯಾವುದೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ ತೆಗೆದರು. ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಪಾಲಿಸಿ ಕೊಳ್ಳುವ ಶಕ್ತಿ ಇದ್ದವರಿಗೆ ಅದರಿಂದ ಉಪಯೋಗ ಆಯಿತು. ಅವರನ್ನು ಯಾರೂ ರೇಷನ್ ಕಾರ್ಡ್ ತೋರಿಸಿ ಅನ್ನಲಿಲ್ಲ. ಪ್ರಮಾಣ ಪತ್ರ, ತನಿಖೆ, ಅನುಮಾನ ಎಲ್ಲ 8,500 ಸಂಬಳದ ಮನೆಗೇ ಯಾಕೆ?

ಈ ಅನುಮಾನ ನನ್ನ ಮನೆಗೂ ಬಂದಿತ್ತು. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಅಪ್ಪ ಹೊಲ ಮಾರಿದ ದುಡ್ಡಲ್ಲಿ 8 ಲಕ್ಷ ಬ್ಯಾಂಕಿನಲ್ಲಿ ಇಟ್ಟಿದ್ದರು. ಅದರ ಬಡ್ಡಿಯೇ ಅವರ ಬದುಕು, ವರ್ಷಕ್ಕೆ 58 ಸಾವಿರ. ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಕೊಡುವ 15ಎಚ್ ಫಾರಂ ಆ ವರ್ಷ ಕೊಡಲು ನಾನು ಮರೆತೆ. ಊರಿನವರಿಗೆಲ್ಲ ನೆನಪು ಮಾಡುವವಳು ಅಪ್ಪನದನ್ನೇ ಮರೆತೆ. ಬ್ಯಾಂಕಿನವರು 5,800 ಟಿಡಿಎಸ್ ಹಿಡಿದರು. ಅದನ್ನು ವಾಪಸ್ ತರಿಸಲು 2024ರ ಜುಲೈನಲ್ಲಿ ಅಪ್ಪನ ಹೆಸರಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿದೆ. ನವೆಂಬರ್‌ನಲ್ಲಿ ರಾಜ್ಯದಲ್ಲೆಲ್ಲ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲ ಎದ್ದಿತಲ್ಲ, ಆಗ ಅಪ್ಪನ ಕಾರ್ಡೂ ಹೋಯಿತು. ತೆರಿಗೆ ಪಾವತಿದಾರ ಅಂತ ಕಾರಣ ಕೊಟ್ಟಿದ್ದರು. ಒಂದು ರೂಪಾಯಿ ತೆರಿಗೆ ಕಟ್ಟದ ಅಪ್ಪ! ಆಮೇಲೆ ಸರ್ಕಾರ ಅರ್ಹರ ಕಾರ್ಡ್ ವಾಪಸ್ ಕೊಡುತ್ತೇವೆ ಅಂದಿತು, ಅಪ್ಪನದೂ ಸರಿಯಾಯಿತು. ಆದರೆ ಆ ಮೂರು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಪ್ಪ ಕೆಮ್ಮಿದರೆ ಎದ್ದು ಕೂರುತ್ತಿದ್ದೆ. ಈಗೇನಾದರೂ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನನ್ನಿಂದಲೇ ಅಲ್ವಾ ಅಂತ. ಇಷ್ಟು ವರ್ಷ ಅರ್ಜಿ ಹಾಕಿಕೊಟ್ಟ ನನಗೇ ಹೀಗಾದರೆ, ಫಾರಂ ಓದಲು ಬಾರದವರ ಗತಿ ಏನು?

ಹಾಗಾಗಿ ಆ ತಾಯಿಯ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಮಗನನ್ನು ಬೇರೆ ಮಾಡಿ ಅಂತ ನಾನು ಹೇಳಬೇಕಾ? ಎಷ್ಟೋ ಮನೆಯವರು ಹಾಗೇ ಮಾಡಿಸುತ್ತಾರೆ. ಕಾಗದದ ಮೇಲೆ ಅಪ್ಪ ಅಮ್ಮ ಬೇರೆ, ಮಗ ಬೇರೆ. ನೋಡಿಕೊಳ್ಳುವ ಮಕ್ಕಳು ಕಾಗದದಲ್ಲಿ ನೋಡಿಕೊಳ್ಳದವರಾಗಬೇಕು. ಅರವತ್ತು ದಾಟಿದ ಗಂಡ ಹೆಂಡತಿಯ ಚಿಕಿತ್ಸೆಗೆ ಅವರಿಬ್ಬರ ಆದಾಯವನ್ನಷ್ಟೇ ನೋಡಿದರೆ ಈ ಸುಳ್ಳೇ ಬೇಕಾಗುವುದಿಲ್ಲ. ಗೆರೆ ದಾಟಿದವರಿಗೆ ಒಮ್ಮೆಗೇ ಶೇ. 30ಕ್ಕೆ ಇಳಿಸುವ ಬದಲು ಶೇ. 90, ಶೇ. 75, ಶೇ. 50 ಅಂತ ಇಳಿಸಿಕೊಂಡು ಬಂದರೆ ಯಾವ ಬೊಕ್ಕಸವೂ ಮುಳುಗುವುದಿಲ್ಲ. ಇದು ಆಗದ ಕೆಲಸ ಅಂತ ಯಾರೂ ನನಗೆ ಹೇಳಬೇಡಿ.

ಆಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಇದೇ ಯಜಮಾನರ ಬದುಕಲ್ಲೇ ಸಿಕ್ಕಿತು. ಅವರು ಕಾರ್ಖಾನೆಯಲ್ಲಿ 24 ವರ್ಷ ದುಡಿದವರು. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐನಲ್ಲಿ ಐದು ವರ್ಷ ಇದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಾಕು, ಗಂಡ ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಇವರಿಗೆ ಅದೂ ಇಲ್ಲ. ಯಾಕೆ? ಇಎಸ್‌ಐ ಸಂಬಳದ ಮಿತಿ ಆಗ 15 ಸಾವಿರ ಇತ್ತು. 2013ರಲ್ಲಿ ಇವರ ಸಂಬಳ ಅದನ್ನು ದಾಟಿತು, ಹೊರಗಾದರು. 2017ರ ಜನವರಿಯಲ್ಲಿ ಮಿತಿ 21 ಸಾವಿರ ಆಯಿತು. ಅಷ್ಟು ಹೊತ್ತಿಗೆ ಇವರ ಸಂಬಳ 21,600. ಎರಡು ಸಲವೂ ಗೆರೆಯ ಆಚೆಯೇ. ಮರು ವರ್ಷ ರಿಟೈರ್ ಆದರು.

ಆದರೆ 2024ರ ಫೆಬ್ರವರಿಯಲ್ಲಿ ಇಎಸ್‌ಐ ನಿಗಮ ಒಂದು ತೀರ್ಮಾನ ಮಾಡಿತು. ಸಂಬಳ ಮಿತಿ ದಾಟಿದ್ದಕ್ಕೇ ಹೊರಗಾಗಿ ಆಮೇಲೆ ನಿವೃತ್ತರಾದವರಿಗೂ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ. 2012ರ ಏಪ್ರಿಲ್ ನಂತರ ಇಎಸ್‌ಐನಲ್ಲಿ ಇದ್ದು, 2017ರ ಏಪ್ರಿಲ್ 1 ಅಥವಾ ಅದರ ನಂತರ 30 ಸಾವಿರದೊಳಗಿನ ಸಂಬಳದಲ್ಲಿ ನಿವೃತ್ತರಾದವರಿಗೆ. ಗೆರೆ ತಪ್ಪು ಜಾಗದಲ್ಲಿದೆ ಅಂತ ಗೊತ್ತಾದಾಗ ಸರಿಸಬಹುದು ಅಂತ ಅವರೇ ತೋರಿಸಿದ್ದಾರೆ. ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ದಯವಿಟ್ಟು ವಿಚಾರಿಸಿ. ನನ್ನ ಹತ್ತಿರ ಬಂದವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಯಜಮಾನರಿಗೆ ಹಳೆಯ ಇಎಸ್‌ಐ ಕಾರ್ಡ್, ಸಂಬಳದ ಚೀಟಿ, ಕಾರ್ಖಾನೆಯ ಪತ್ರ ಏನಿದ್ದರೂ ತನ್ನಿ ಅಂದೆ. "ಟ್ರಂಕಿನಾಗ ಇರಬೇಕವ್ವ, ಹುಡುಕ್ತೀನಿ" ಅಂದರು. ಹತ್ತು ವರ್ಷಕ್ಕಿಂತ ಹಳೆಯ ಕಾಗದ. ಸಿಗುತ್ತೋ ಇಲ್ಲವೋ.

ನಾಳೆ ಹತ್ತು ಗಂಟೆಗೆ ಬರುತ್ತೇನೆ ಅಂದಿದ್ದಾರೆ. ಮಗನ ಹೆಸರು ತೆಗೆಸುವ ಅರ್ಜಿಯನ್ನು ನಾನಿನ್ನೂ ತುಂಬಿಲ್ಲ. ಆಕೆ ಕೊಟ್ಟು ಹೋದ ರೇಷನ್ ಕಾರ್ಡಿನ ಜೆರಾಕ್ಸ್ ಕೌಂಟರ್ ಮೇಲೆಯೇ ಇದೆ, ಮೂರು ಹೆಸರೂ ಹಾಗೇ ಇವೆ.