ನನ್ನ ಕಾದಂಬರಿಯ ಗಲ್ಲಿ: ಒಂದು ಸ್ಪಷ್ಟನೆ

ಸೋಲಾಪುರದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ನನ್ನ ಕಾದಂಬರಿ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಕಥೆಯಲ್ಲಿ ಬೀಡಿ ಕಟ್ಟುವ ಹೆಂಗಸು ನಮ್ಮ ಗಲ್ಲಿಯ ಒಬ್ಬ ಅಕ್ಕನೇ ಅಂತೆ. ಅದರಲ್ಲಿನ ಬಟ್ಟೆ ಗಿರಣಿ 1982ರ ಮುಷ್ಕರದಿಂದ ಮುಚ್ಚಿತಂತೆ. ಎರಡೂ ಸುಳ್ಳು.

ಗಿರಣಿ ವಿಷಯ ಬೇಗ ಮುಗಿಸುತ್ತೇನೆ. ನನ್ನ ಮನಸ್ಸಿನಲ್ಲಿದ್ದದ್ದು ಸೋಲಾಪುರದಲ್ಲಿ 1877ರಲ್ಲಿ ಶುರುವಾದ ಜುನಿ ಮಿಲ್. ಅದು 1960ರ ದಶಕದಲ್ಲೇ ಬಾಗಿಲು ಹಾಕಿತ್ತು. 1982ರದ್ದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ; ಅದು ಮುಂಬೈ ಗಿರಣಿಗಳದ್ದು, ಅದೂ ಎಷ್ಟೋ ವರ್ಷ ಆಮೇಲಿನ ಮಾತು.

ಇನ್ನು ಆ ಹೆಂಗಸು. ಅವಳು ಇಂಥವಳೇ ಅಂತ ತೋರಿಸಬಹುದಾದ ಒಬ್ಬಳಲ್ಲ. ಇಲ್ಲಿನ ಪೂರ್ವಭಾಗದಲ್ಲಿ ಸುಮ್ನೆ ನಡೆದು ಹೋದರೂ ಕಾಣುತ್ತದೆ: ಹೊಸ್ತಿಲಲ್ಲಿ ಕೂತು, ತೊಡೆ ಮೇಲೆ ಮೊರ ಇಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ಹಾಕಿ ಸುತ್ತಿ, ದಾರ ಬಿಗಿಯುವ ಕೈಗಳು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಸರಿಯಿಲ್ಲ ಅಂತ ಪಕ್ಕಕ್ಕೆ ತಳ್ಳಿದ ಬೀಡಿಗೆ ಕಾಸಿಲ್ಲ. ಗಂಡಸರ ಗಿರಣಿ ಸಂಬಳ ನಿಂತ ಮನೆಗಳಲ್ಲಿ ಒಲೆ ಉರಿದದ್ದು ಜಾಸ್ತಿ ಈ ಕೂಲಿಯಿಂದಲೇ. ತೆಲುಗು, ಕನ್ನಡ, ಮರಾಠಿ ಬೆರೆಸಿ ಜಗಳ ಆಡುವ, ಅಷ್ಟೇ ಸಲೀಸಾಗಿ ಸಾಲ ಕೊಡುವ ಆ ಮನೆಗಳೇ ನನ್ನ ಕೈಯಲ್ಲಿ ಕಥೆ ಬರೆಸಿದ್ದು. ಗಲ್ಲಿ, ಹೆಸರು, ಜಗಳ ಎಲ್ಲ ನಾನು ಕಟ್ಟಿದ್ದು.

ಅಂದಹಾಗೆ, ಮೆಸೇಜ್‌ನಲ್ಲಿರುವ ಅಕ್ಕ ಬೀಡಿ ಕಟ್ಟುವವರೇ ಅಲ್ಲ, ಬಟ್ಟೆ ಹೊಲಿಯುವವರು! ದಯವಿಟ್ಟು ಅವರ ಮನೆ ಮುಂದೆ ಫೋಟೊ ತೆಗೆಯೋದು ನಿಲ್ಲಿಸಿ. ಮೆಸೇಜ್ ಹಾಕಿದವರು ಅದನ್ನು ಅಳಿಸಿ, ಇದನ್ನು ಅದೇ ಗುಂಪಿಗೆ ಹಾಕಿ.